ದಳದ ಹಿಂದೆ ನಿಂತ ಜೀವ: ಉಮಾಬಾಯಿ ಕುಂದಾಪುರ

ಗಣರಾಜ್ಯದಿನದ ಬೆಳಗಿನಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಮೈದಾನಗಳಲ್ಲಿ ನೀಲಿಯ ಸಮವಸ್ತ್ರ ತೊಟ್ಟ ಗೈಡ್ ಬಾಲಿಕೆಯರು ಸಾಲುಗೊಂಡು ನಡೆಯುವಾಗ ನೆರೆದವರ ದೃಷ್ಟಿ ಆ ಮಕ್ಕಳ ಮೇಲೆ ನಿಲ್ಲುವುದು ಸಹಜವೇ. ಸಾಲಿನ ಹೊರಗೆ, ತುಸು ಹಿಂದೆ, ಒಬ್ಬ ಶಿಕ್ಷಕಿ ನಿಂತಿರುತ್ತಾರೆ. ಮಗಳನ್ನು ಶಿಬಿರಕ್ಕೆ ಕಳುಹಿಸಲೊಲ್ಲದ ತಂದೆಯ ಮನೆಗೆ ಎರಡೆರಡು ಸಲ ಎಡತಾಕಿದವರು ಅವರು. ಕತ್ತಲಾಗುವುದರೊಳಗೆ ಪ್ರತಿಯೊಬ್ಬ ಹುಡುಗಿಯನ್ನೂ ಮನೆ ಮುಟ್ಟಿಸುವ ಹೊಣೆ ಹೊತ್ತವರೂ ಅವರೇ. ಪಾಠದ ಗಂಟೆಗಳ ಲೆಕ್ಕಕ್ಕೆ ಸಿಕ್ಕದ ದುಡಿಮೆ ಇದು.

ಇಂಥ ಹಿರಿಯ ಸ್ವಯಂಸೇವಕಿಯರನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರರ ಕಡೆಗೆ ಹರಿಯುತ್ತದೆ. ಅವರು ಕಟ್ಟಿ ಬೆಳೆಸಿದ್ದು ಗೈಡ್ ದಳವನ್ನಲ್ಲ, ಸ್ವಾತಂತ್ರ್ಯ ಹೋರಾಟದ ಸೇವಾದಳವನ್ನು. ಧ್ಯೇಯ ಬೇರೆ, ಪ್ರತಿಜ್ಞೆ ಬೇರೆ. ಆದರೆ ಹೆಣ್ಣುಮಗಳೊಬ್ಬಳನ್ನು ಹೊಸ್ತಿಲು ದಾಟಿಸಿ, ಶಿಸ್ತು ಕಲಿಸಿ, ಪರರ ಸೇವೆಗೆ ನಿಲ್ಲಿಸುವ ಕಷ್ಟ ಎರಡರಲ್ಲಿಯೂ ಒಂದೇ.

1892ರಲ್ಲಿ ಹುಟ್ಟಿದ ಈಕೆಯ ತವರಿನ ಹೆಸರು ಭವಾನಿ ಗೋಳಿಕೇರಿ. ಹದಿಮೂರರ ವಯಸ್ಸಿಗೆ ಸಂಜೀವರಾಯ ಕುಂದಾಪುರರ ಕೈಹಿಡಿದು ಉಮಾಬಾಯಿಯಾದರು. ಅಂದಿನ ದಿನಗಳಲ್ಲಿ ಹುಡುಗಿಯ ಓದು ಮದುವೆಯ ಚಪ್ಪರದಲ್ಲೇ ಮುಗಿಯುತ್ತಿತ್ತು. ಇಲ್ಲಿ ನಡೆದುದು ಅದಕ್ಕೆ ವಿಪರೀತ. ಮಾವನವರಾದ ಆನಂದರಾಯರು ಸಮಾಜ ಸುಧಾರಣೆಯಲ್ಲಿ ಶ್ರದ್ಧೆಯುಳ್ಳವರು. ಸೊಸೆಯನ್ನು ಓದಿಸಿದರು, ಸ್ತ್ರೀಶಿಕ್ಷಣದ ಕಾರ್ಯಕ್ಕೆ ಜೊತೆಗೂಡಿಸಿಕೊಂಡರು. ಸೊಸೆಯ ಪಾಲಿಗೆ ಅತ್ತೆಮನೆಯೇ ಪಾಠಶಾಲೆಯಾದ ಇಂಥ ನಿದರ್ಶನ ನಮ್ಮಲ್ಲಿ ಅಪರೂಪ. ಉಮಾಬಾಯಿಯವರ ಕೀರ್ತಿಯನ್ನು ಹೇಳುವವರು ಈ ಮಾವನವರನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಅದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಇಪ್ಪತ್ತೈದನೆಯ ವಯಸ್ಸಿಗೆ ವೈಧವ್ಯ ಬಂದೆರಗಿತು. ಆಗಲೂ ಆನಂದರಾಯರು ಸೊಸೆಯನ್ನು ಮೂಲೆ ಸೇರಗೊಡಲಿಲ್ಲ. ಮಾವ ಸೊಸೆಯರಿಬ್ಬರೂ ಹುಬ್ಬಳ್ಳಿಗೆ ಬಂದು ನೆಲೆನಿಂತರು. ಅಲ್ಲಿ ಆನಂದರಾಯರು ಕರ್ನಾಟಕ ಮುದ್ರಣಾಲಯವನ್ನೂ ಬಾಲಿಕೆಯರಿಗಾಗಿ ತಿಲಕ ಕನ್ಯಾಶಾಲೆಯನ್ನೂ ತೆರೆದರು. ಶಾಲೆಯ ಭಾರ ಉಮಾಬಾಯಿಯವರದಾಯಿತು. ಸ್ತ್ರೀಯರ ಸಂಘಟನೆಗಾಗಿ ಭಗಿನೀ ಮಂಡಳ ಅವರ ಕೈಯಿಂದ ಹುಟ್ಟಿತು.

1923ರಲ್ಲಿ ಡಾ. ನಾ. ಸು. ಹರ್ಡೀಕರರು ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿದಾಗ ಅದರ ಮಹಿಳಾ ವಿಭಾಗದ ನೇತೃತ್ವ ಉಮಾಬಾಯಿಯವರಿಗೆ ಬಂತು. ಮರುವರ್ಷವೇ ದೊಡ್ಡ ಪರೀಕ್ಷೆ ಎದುರಾಯಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಅದಕ್ಕೆ ಸ್ವಯಂಸೇವಕಿಯರು ಬೇಕು. ಹರ್ಡೀಕರರೂ ಉಮಾಬಾಯಿಯವರೂ ನಾಡನ್ನು ಸುತ್ತಿದರು. ಪುರುಷರನ್ನು ಕರೆಯಲು ಒಂದು ಸಭೆ, ಒಂದು ಭಾಷಣ ಸಾಕಾದೀತು. ಹೆಣ್ಣುಮಕ್ಕಳನ್ನು ಕರೆತರುವುದು ಸಭೆಯಿಂದ ಆಗುವ ಮಾತಲ್ಲ. ತಾಯಿಯ ಒಪ್ಪಿಗೆ, ಅತ್ತೆಯ ಒಪ್ಪಿಗೆ, ಅವರ ಹಿಂದೆ ಗಂಡಸರ ಒಪ್ಪಿಗೆ: ಹೀಗೆ ಒಂದೊಂದು ಬಾಗಿಲನ್ನೂ ತೆರೆಸಬೇಕು. ಆದರೂ ನೂರೈವತ್ತಕ್ಕೂ ಹೆಚ್ಚು ಮಂದಿ ಸ್ತ್ರೀಯರು ಬೆಳಗಾವಿಯಲ್ಲಿ ಸೇವೆಗೆ ನಿಂತರು. ವಿಧವೆಯರೂ ಅವರಲ್ಲಿದ್ದರು. ಶುಭಕಾರ್ಯದಲ್ಲಿ ವಿಧವೆ ಎದುರು ಬರಬಾರದೆಂಬ ಸಮಾಜದಲ್ಲಿ, ವಿಧವೆಯೊಬ್ಬರೇ ಮುಂದಾಳಾಗಿ ನಿಂತು ದೇಶದ ಅತಿಥಿಗಳ ಸತ್ಕಾರಕ್ಕೆ ದಳವನ್ನು ಸಜ್ಜುಗೊಳಿಸಿದರೆಂಬುದನ್ನು ವಾಚಕರು ಕ್ಷಣಕಾಲ ಮನಸ್ಸಿಗೆ ತಂದುಕೊಳ್ಳಬೇಕು. ಅಧಿವೇಶನದ ನಿರ್ಣಯಗಳು ಇತಿಹಾಸದ ಪುಸ್ತಕಗಳಲ್ಲಿವೆ. ಈ ನೂರೈವತ್ತು ಮಂದಿಯ ಹೆಸರುಗಳು ಅಲ್ಲಿ ಕಾಣಸಿಗುವುದು ದುರ್ಲಭ.

ನಮ್ಮ ಸಗರನಾಡು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಸುರಪುರದ ಗಡಿಗೆ ತಾಗಿದ ವಿಜಯಪುರ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು; ಮಾತು ಒಂದೇ, ರಾಜ್ಯ ಎರಡು. ಹೈದರಾಬಾದಿನ ಸ್ಟೇಟ್ ಕಾಂಗ್ರೆಸ್ಸನ್ನೇ ನಿಜಾಮ ಸರ್ಕಾರ 1938ರಲ್ಲಿ ನಿಷೇಧಿಸಿತು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿದು, 1956ರಲ್ಲಿ ಕನ್ನಡನಾಡು ಒಂದಾದ ಮೇಲಷ್ಟೇ ಹುಬ್ಬಳ್ಳಿಯವರೂ ನಾವೂ ಒಂದು ರಾಜ್ಯದವರಾದದ್ದು. ಅತ್ತ ಉಮಾಬಾಯಿಯವರು 1924ರಲ್ಲಿ ತೆರೆಸಿದಂಥ ಬಾಗಿಲುಗಳನ್ನು ಇತ್ತ ನಮ್ಮ ಶಿಕ್ಷಕಿಯರು ಬಹುಕಾಲದ ಅನಂತರ, ಒಬ್ಬೊಬ್ಬರಾಗಿ, ತಟ್ಟಬೇಕಾಯಿತು.

1932 ಉಮಾಬಾಯಿಯವರ ಬಾಳಿನ ಅತ್ಯಂತ ಕಠಿನ ವರ್ಷ. ಸರ್ಕಾರ ಅವರನ್ನು ಬಂಧಿಸಿ ಯರವಡಾ ಸೆರೆಮನೆಯಲ್ಲಿ ನಾಲ್ಕು ತಿಂಗಳು ಇರಿಸಿತು. ಆ ಅವಧಿಯಲ್ಲಿಯೇ ಆನಂದರಾಯರು ತೀರಿಕೊಂಡರು. ಜೊತೆಯಲ್ಲಿ ಸೆರೆಯಲ್ಲಿದ್ದ ಸರೋಜಿನಿ ನಾಯಿಡು ಅವರು ಸಂತೈಸಿದರು. ಬಿಡುಗಡೆಯಾಗಿ ಹುಬ್ಬಳ್ಳಿಗೆ ಹಿಂದಿರುಗಿದರೆ ಅಲ್ಲಿ ಉಳಿದಿದ್ದುದೇನು? ಮುದ್ರಣಾಲಯ ಜಪ್ತಿಯಾಗಿತ್ತು; ಕನ್ಯಾಶಾಲೆಗೆ ಮುದ್ರೆ ಬಿದ್ದಿತ್ತು; ಭಗಿನೀ ಮಂಡಳ ಕಾನೂನುಬಾಹಿರವೆನಿಸಿತ್ತು. ಹದಿನೈದು ವರ್ಷಗಳ ದುಡಿಮೆಯ ಗುರುತೇ ಇಲ್ಲದಂತಾಗಿತ್ತು. ಇಷ್ಟಾದ ಮೇಲೆ ಮನೆಯಲ್ಲಿ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಅವರು ಕುಳಿತುಕೊಳ್ಳಲಿಲ್ಲ. ಅವರ ಪುಟ್ಟ ಮನೆ ಹೋರಾಟಗಾರರಿಗೆ ಆಸರೆಯಾಯಿತು. ಬಂದವರಿಗೆ ಅನ್ನ ನೀಡಿತು. 1934ರ ಜನವರಿಯಲ್ಲಿ ಬಿಹಾರ ಭೂಕಂಪದಿಂದ ತತ್ತರಿಸಿದಾಗ ತಮ್ಮ ಸ್ವಯಂಸೇವಕರೊಂದಿಗೆ ಅಲ್ಲಿಗೆ ಧಾವಿಸಿ ನಿರಾಶ್ರಿತರ ಶಿಬಿರಗಳಲ್ಲಿ ಹಗಲಿರುಳು ದುಡಿದರು. ಶಾಲೆಗೆ ಮುದ್ರೆ ಒತ್ತಬಹುದು, ಸಂಘವನ್ನು ನಿಷೇಧಿಸಬಹುದು. ಕಲಿತ ಸೇವೆಗೆ ಬೀಗವೆಲ್ಲಿ?

ಕಸ್ತೂರಬಾ ಅವರು 1944ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ನಿಧಿಯೊಂದು ಕೂಡಿತಷ್ಟೆ. ಹಳ್ಳಿಗಳ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ಆ ಕಾರ್ಯಕ್ಕೆ 1946ರಲ್ಲಿ ಗಾಂಧೀಜಿಯವರು ಕರ್ನಾಟಕದ ಪ್ರತಿನಿಧಿಯನ್ನಾಗಿ ಆರಿಸಿದ್ದು ಉಮಾಬಾಯಿಯವರನ್ನು. ಐವತ್ತು ದಾಟಿದ ವಯಸ್ಸು. ಹಣ ಸಾಲದಾದಾಗ ಮನೆಮನೆಗೆ ಹೋಗಿ ಬೇಡಿದರು. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರನ್ನಾಗಿ ತರಬೇತುಗೊಳಿಸುವುದು ಈಗಿನ ಕೆಲಸ. ಬೆಳಗಾವಿಗೆ ಮುಂಚೆ ಅಲೆದ ಆ ಅಲೆದಾಟವೇ ಹೊಸ ಹೆಸರಿನಲ್ಲಿ ಮತ್ತೆ ಮೊದಲಾಯಿತು.

ಸ್ವಾತಂತ್ರ್ಯಾನಂತರ ಸ್ಥಾನಮಾನಗಳು ತಾವಾಗಿ ಬಂದವು, ಅವರು ಕೈನೀಡಲಿಲ್ಲ. ತಾಮ್ರಪತ್ರವೂ ಬೇಡ, ಪಿಂಚಣಿಯೂ ಬೇಡವೆಂದರು. ಶಾಲು ಹೊದಿಸಿ, ಹಾರ ಹಾಕಿ ಕೃತಜ್ಞತೆಯನ್ನು ತೀರಿಸಿಕೊಳ್ಳುವ ನಮ್ಮ ಪದ್ಧತಿಗೆ ಇಂಥವರು ದೊಡ್ಡ ತೊಡಕೇ ಸರಿ. ಬಹುಶಃ ಅವರು ಬಯಸಿದ್ದು ತಮ್ಮ ಪಕ್ಕದಲ್ಲಿ ನಿಲ್ಲುವ ಮತ್ತೊಂದು ಜೊತೆ ಕೈಗಳನ್ನು. ಹುಬ್ಬಳ್ಳಿಯ ತಮ್ಮ ಸಣ್ಣ ಮನೆಯಲ್ಲಿಯೇ ಬಾಳಿ, ನೂರರ ಅಂಚಿನಲ್ಲಿ, 1992ರಲ್ಲಿ ತೀರಿಕೊಂಡರು. ಆ ಮನೆಯ ಹೆಸರು ಆನಂದಸ್ಮೃತಿ.