ಭೂಮಾಲೀಕ ಮನೆತನದಿಂದ ಕಂದಾಯ ಖಾತೆಗೆ: ಕಡಿದಾಳ್ ಮಂಜಪ್ಪನವರ ಬದುಕು

ಕಡಿದಾಳ್ ಮಂಜಪ್ಪನವರ (1908-1992) ಹೆಸರು ರಾಜಕೀಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ಉಲ್ಲೇಖಗೊಳ್ಳುವುದು ಏಕೀಕರಣಪೂರ್ವ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿ ಎಂಬ ಕಾರಣಕ್ಕೆ. 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗಿನ ಆ ಅವಧಿ ಅವರ ಬದುಕಿನ ಮುಖ್ಯ ಘಟ್ಟವೇನಲ್ಲ. ಭೂಮಾಲೀಕ ಮನೆತನದಲ್ಲಿ ಹುಟ್ಟಿದವರೊಬ್ಬರು ಭೂಮಾಲೀಕತ್ವವನ್ನೇ ಮಿತಿಗೊಳಿಸುವ ಕಾನೂನುಗಳ ಹೊಣೆ ಹೊತ್ತದ್ದು ಹೆಚ್ಚು ವಿಚಾರಾರ್ಹ.

ತೀರ್ಥಹಳ್ಳಿ ಸೀಮೆಯ ಅನುಕೂಲಸ್ಥ ಒಕ್ಕಲಿಗ ಮನೆತನದಲ್ಲಿ ಜನಿಸಿದ ಮಂಜಪ್ಪನವರು ಮೈಸೂರಿನಲ್ಲಿಯೂ ಪುಣೆಯಲ್ಲಿಯೂ ಓದಿ ವಕೀಲರಾದರು. ಸ್ವಾತಂತ್ರ್ಯ ಚಳವಳಿಯ ಮೂಲಕ ಕಾಂಗ್ರೆಸ್ ರಾಜಕಾರಣಕ್ಕೆ ಬಂದರು. ಅವರು ಬೆಳೆದ ಮಲೆನಾಡಿನಲ್ಲಿ ಗೇಣಿ ಎಂಬುದು ಬರಿಯ ಆರ್ಥಿಕ ಕರಾರಾಗಿರಲಿಲ್ಲ, ಒಡೆಯ-ಒಕ್ಕಲು ಸಂಬಂಧದ ಸಮಸ್ತವನ್ನೂ ಅದು ನಿಯಂತ್ರಿಸುತ್ತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದದ್ದು ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು.

ಮರುವರ್ಷ ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿ ಮಂಜಪ್ಪನವರು ಕಂದಾಯ ಸಚಿವರಾದರು. ಇನಾಂ ರದ್ದತಿ ಕಾಯಿದೆಗಳು (1954, 1955) ಆ ಕಾಲದವು. ಆಗ ಶಿವಮೊಗ್ಗ ಜಿಲ್ಲೆಗೇ ಸೇರಿದ್ದ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂಥ ಬಯಲು ಗ್ರಾಮಗಳೂ ಇವುಗಳ ವ್ಯಾಪ್ತಿಗೆ ಬಂದವು. ಮಂಜಪ್ಪನವರನ್ನು ಮಲೆನಾಡಿಗೆ ಮಾತ್ರ ಸೀಮಿತಗೊಳಿಸಿ ನೋಡುವ ರೂಢಿ ಈ ಕಾರಣದಿಂದ ಅಪೂರ್ಣ. 1958ರಲ್ಲಿ ಶಾಸನಸಭೆಗೆ ಬಂದ ಭೂಸುಧಾರಣಾ ಮಸೂದೆ 1961ರ ಕಾಯಿದೆಯಾಯಿತು. ಆದರೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯಲು ಮಾಲೀಕರಿಗಿದ್ದ ಅವಕಾಶ, ಈ ನಾಲ್ಕು ವರ್ಷಗಳ ವಿಳಂಬ, ಇವೆರಡೂ ಕಾಯಿದೆಯ ಮೊನೆಯನ್ನು ಮೊಂಡಾಗಿಸಿದವು. ಇದನ್ನು ಸಚಿವರೊಬ್ಬರ ವೈಯಕ್ತಿಕ ಅಳುಕೆಂದು ಓದುವುದು ಸುಲಭ. ಭೂಮಾಲೀಕರೇ ಪ್ರಬಲರಾಗಿದ್ದ ಪಕ್ಷದೊಳಗಿನ ಶಕ್ತಿಸಮತೋಲವನ್ನು ಕಡೆಗಣಿಸಿದಾಗ ಮಾತ್ರ ಆ ಓದು ನಿಲ್ಲುತ್ತದೆ. ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಗಿ, ಭೂನ್ಯಾಯಮಂಡಳಿಗಳು ಕೆಲಸ ಆರಂಭಿಸಿದ ಮೇಲೆಯೇ ಗೇಣಿದಾರರು ದೊಡ್ಡ ಸಂಖ್ಯೆಯಲ್ಲಿ ಒಡೆತನ ಪಡೆದರು.

ಕನ್ನಡ ಅಧ್ಯಯನಕಾರರು ಮಂಜಪ್ಪನವರತ್ತ ನೋಡಬೇಕಾದ ಇನ್ನೊಂದು ಕಾರಣ ಅವರ ಬರವಣಿಗೆ. ‘ಪಂಜರವಳ್ಳಿಯ ಪಂಜು’ ಕಾದಂಬರಿಯನ್ನು ಬರೆದ ಅವರು ಕುವೆಂಪು ಅವರ ಸಮಕಾಲೀನರು, ಅದೇ ತಾಲ್ಲೂಕಿನವರು. ಒಂದೇ ಪರಿಸರದ ಈ ಇಬ್ಬರಲ್ಲಿ ಒಬ್ಬರು ಮಲೆನಾಡಿನ ಒಡೆಯ-ಒಕ್ಕಲುಗಳ ಲೋಕವನ್ನು ಮಹಾಕಾದಂಬರಿಗಳಲ್ಲಿ ಕಟ್ಟಿದರೆ, ಮತ್ತೊಬ್ಬರು ಅದನ್ನು ಕಾಯಿದೆಯ ಕಲಮುಗಳಲ್ಲಿ ಬದಲಿಸಲು ಯತ್ನಿಸಿದರು. ತಮ್ಮ ಆತ್ಮಕಥೆಗೆ ಮಂಜಪ್ಪನವರು ಇಟ್ಟ ಹೆಸರು ‘ನನಸಾಗದ ಕನಸು’.