ಬಾಸ್ಕೆಟ್‌ಬಾಲ್‌ನಲ್ಲಿ ಮೈ ತಾಗಿದರೆಲ್ಲ ಫೌಲಾ? ಆಟ ಹುಟ್ಟಿಸಿದ ಮೇಷ್ಟ್ರ ಬದುಕಿನಲ್ಲೇ ಇದೆ ಉತ್ತರ

ರೋಣ, ನರಗುಂದ, ಗಜೇಂದ್ರಗಡದ ಕಡೆಯವರಿಗೆ ಕಬಡ್ಡಿ ಹೇಳಿಕೊಡಬೇಕಿಲ್ಲ. ಅಲ್ಲಿ ಹಿಡಿಯುವುದು, ಕೆಡವುವುದೇ ಆಟ. ಆ ಕಣ್ಣಿನಿಂದ ಬಾಸ್ಕೆಟ್‌ಬಾಲ್ ನೋಡಲು ಕೂತರೆ ಮಾತ್ರ ತಲೆ ಕೆಡುತ್ತದೆ. ಒಬ್ಬನ ಮೊಣಕೈಗೆ ಬೆರಳು ತಾಗಿದ್ದಕ್ಕೆ ಸೀಟಿ. ಇನ್ನೊಬ್ಬ ಡಿಕ್ಕಿ ಹೊಡೆದು ಉರುಳಿದರೂ ಸೀಟಿ ಇಲ್ಲ. ಇಂಥ ಹತ್ತು ಸೆಕೆಂಡಿನ ವಿಡಿಯೊಗೆ ರೆಫರಿ ಮೋಸ ಮಾಡಿದರು ಅಂತ ಒಂದು ಸಾಲು ಸೇರಿಸಿಬಿಟ್ಟರೆ ಸಾಕು, ಅದು ಗ್ರೂಪಿನಿಂದ ಗ್ರೂಪಿಗೆ ಓಡುತ್ತದೆ. ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಸೀಟಿ ಹಿಡಿದವರು ಹೆಚ್ಚಾಗಿ ಯಾವುದೋ ಶಾಲೆಯ ಪಿ.ಟಿ. ಮಾಸ್ತರರೇ. ಮರುದಿನ ಅವರು ಅದೇ ಬಸ್‌ಸ್ಟ್ಯಾಂಡಿನಲ್ಲಿ ಅದೇ ಜನರ ನಡುವೆ ನಿಲ್ಲಬೇಕು.

ಹಾಗಾದರೆ ಮೈ ತಾಗಿದರೆಲ್ಲ ಫೌಲ್ ಎಂಬುದು ನಿಜವೇ? ಅಲ್ಲ. ಈ ನಂಬಿಕೆ ಬಂದದ್ದೆಲ್ಲಿಂದ ಎಂದು ತಿಳಿಯಲು ನಾವು ಆಟವನ್ನು ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ಅವರ ಬದುಕನ್ನೇ ನೋಡಬೇಕು.

ಅನಾಥ ಹುಡುಗ, ಆಟದ ಹುಚ್ಚು

ನೈಸ್ಮಿತ್ ಹುಟ್ಟಿದ್ದು 1861ರಲ್ಲಿ, ಕೆನಡಾದ ಆಲ್ಮಾಂಟ್ ಎಂಬ ಊರಿನ ಬಳಿ. ಒಂಬತ್ತನೇ ವಯಸ್ಸಿಗೆ ತಂದೆ-ತಾಯಿ ಇಬ್ಬರೂ ಟೈಫಾಯ್ಡ್‌ಗೆ ಬಲಿಯಾದರು. ಸಾಕಿದ್ದು ಸೋದರಮಾವ. ನಡುವೆ ಶಾಲೆ ಬಿಟ್ಟು ಮರ ಕಡಿಯುವ ಕೆಲಸಕ್ಕೂ ಹೋದ ಹುಡುಗ, ಮತ್ತೆ ಓದಿಗೆ ಮರಳಿ 1887ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ಮುಂದೆ ಪಾದ್ರಿಯಾಗಲು ದೇವಶಾಸ್ತ್ರ ಓದಿದರು. ಆದರೆ ಮನಸ್ಸು ಮೈದಾನದಲ್ಲೇ ಇತ್ತು. ಒರಟು ಆಟ ಆಡುವವನು ಪಾದ್ರಿಯಾಗುವುದು ಹೇಗೆ ಎಂದು ಸುತ್ತಲಿನವರು ಮೂಗು ಮುರಿದರು. ಮೈದಾನದಲ್ಲೂ ಒಳ್ಳೆಯ ನಡತೆ ಕಲಿಸಬಹುದು ಎಂದು ನಂಬಿದ ನೈಸ್ಮಿತ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆ ಸೇರಿದರು.

ಗುದ್ದಾಟದ ಭಯದಿಂದ ಹುಟ್ಟಿದ ಆಟ

1891ರ ಚಳಿಗಾಲ. ಹೊರಗೆ ಹಿಮ, ಒಳಗೆ ಕವಾಯತು ಮಾಡಿ ಬೇಸತ್ತ ತುಂಟ ತರಗತಿ. ಒಳಾಂಗಣದಲ್ಲಿ ಆಡುವಂಥ ಹೊಸ ಆಟ ಹುಡುಕಲು ಮುಖ್ಯಸ್ಥ ಲೂಥರ್ ಗುಲಿಕ್ ಕೊಟ್ಟ ಗಡುವು ಎರಡು ವಾರ.

ನೈಸ್ಮಿತ್ ಲೆಕ್ಕಾಚಾರ ಸರಳವಾಗಿತ್ತು. ಚೆಂಡು ಹಿಡಿದು ಓಡಿದರೆ ತಾನೇ ಎದುರಾಳಿ ಮೇಲೆ ಬಿದ್ದು ಕೆಡವುವುದು? ಹಾಗಾಗಿ ಚೆಂಡು ಹಿಡಿದು ಓಡುವುದನ್ನೇ ತೆಗೆದರು. ಗೋಲು ನೆಲಮಟ್ಟದಲ್ಲಿದ್ದರೆ ಜೋರಾಗಿ ಎಸೆಯುತ್ತಾರೆ. ಅದಕ್ಕೇ ಗೋಲನ್ನು ಮೇಲಕ್ಕೆ ಕಟ್ಟಿದರು. ಸಿಕ್ಕಿದ್ದು ಪೀಚ್ ಹಣ್ಣಿನ ಬುಟ್ಟಿಗಳು. ಒಂದೊಂದು ಕಡೆ ಒಂಬತ್ತು ಜನ, 13 ನಿಯಮಗಳು.

ಆದರೂ ಮೊದಮೊದಲು ಶಾಂತಿಯೇನೂ ಇರಲಿಲ್ಲ. 1939ರ ಒಂದು ರೇಡಿಯೊ ಸಂದರ್ಶನದಲ್ಲಿ ನೈಸ್ಮಿತ್ ನೆನೆದಂತೆ, ಮೊದಲ ಆಟ ಗುದ್ದಾಟಕ್ಕೆ ತಿರುಗಿತ್ತು. ಹಲವರ ಕಣ್ಣು ಊದಿದ್ದವು, ಒಬ್ಬನ ಭುಜ ಸರಿದಿತ್ತು, ಒಬ್ಬ ಪ್ರಜ್ಞೆ ತಪ್ಪಿದ್ದ.

1892ರ ಜನವರಿಯಲ್ಲಿ ಶಾಲೆಯ ಪತ್ರಿಕೆಯಲ್ಲಿ ಅಚ್ಚಾದ ನಿಯಮಗಳನ್ನು ನೋಡಿ. ಭುಜದಿಂದ ನೂಕುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಟ್ಟು ಬೀಳಿಸುವುದು, ಹೊಡೆಯುವುದು ನಿಷಿದ್ಧ. ಎರಡನೇ ಸಲ ತಪ್ಪು ಮಾಡಿದವನು ಮುಂದಿನ ಗೋಲು ಆಗುವವರೆಗೆ ಹೊರಗೆ. ಗಾಯ ಮಾಡುವ ಉದ್ದೇಶವಿದ್ದರೆ ಪೂರ್ತಿ ಪಂದ್ಯದಿಂದಲೇ ಹೊರಗೆ. ಇಲ್ಲಿರುವುದೆಲ್ಲ ಮಾಡುವ ಕೆಲಸಗಳು. ಮೈ ತಾಗಬಾರದು ಎಂಬ ಮಾತು ಈ ಪಟ್ಟಿಯಲ್ಲಿಲ್ಲ. ಚೆಂಡನ್ನು ನೋಡಲು ಒಬ್ಬ ರೆಫರಿ, ಆಟಗಾರರನ್ನು ನೋಡಲು ಇನ್ನೊಬ್ಬ ಅಂಪೈರ್ ಎಂದೂ ಬರೆದರು. ಒಂದೇ ಜೋಡಿ ಕಣ್ಣಿಗೆ ಎಲ್ಲವೂ ಕಾಣದು ಎಂಬುದು ಮೊದಲ ದಿನದ ನಿಯಮದಲ್ಲೇ ಇದೆ.

ಇಂದಿನ ಅಳತೆಗೋಲು

ಈಗ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಷ್ಟರಲ್ಲಿ ಹತ್ತು ಜನ ಓಡುವಾಗ ತಾಗದೇ ಇರಲು ಆಗದು. ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮವೂ ಇದನ್ನು ಒಪ್ಪುತ್ತದೆ. ರೆಫರಿ ನೋಡುವುದು ಮುಖ್ಯವಾಗಿ ಮೂರು ಸಂಗತಿ.

ಮೊದಲನೆಯದು, ಜಾಗ ಯಾರದ್ದು. ನಿಂತ ಆಟಗಾರನ ಸುತ್ತ ಒಂದು ಕೊಳವೆ ಇದೆ ಎಂದುಕೊಳ್ಳಿ. ಅದರೊಳಗಿನ ಜಾಗ ಅವನದು. ನೇರ ಮೇಲಕ್ಕೆ ಹಾರಿದರೂ ಆ ಜಾಗ ಅವನದೇ.

ಎರಡನೆಯದು, ಮೊದಲು ಬಂದವರು ಯಾರು. ಕಾಯುವವನು ಎದುರಾಳಿಗೆ ಮುಖಮಾಡಿ, ಎರಡೂ ಕಾಲೂರಿ ನ್ಯಾಯವಾಗಿ ಜಾಗ ಹಿಡಿದ ಮೇಲೆ ಚೆಂಡಿನವನು ಎದೆಗೆ ಡಿಕ್ಕಿ ಹೊಡೆದರೆ ತಪ್ಪು ಚೆಂಡಿನವನದು. ಚೆಂಡಿನವನು ಗಾಳಿಗೆ ಹಾರಿದ ಮೇಲೆ ಅವನ ದಾರಿಗೆ ಅಡ್ಡ ಬಂದರೆ ತಪ್ಪು ಕಾಯುವವನದು.

ಮೂರನೆಯದು, ತಾಗಿದ್ದರಿಂದ ಯಾರಿಗಾದರೂ ಅನ್ಯಾಯವಾಯಿತೇ. ಇಬ್ಬರೂ ಚೆಂಡಿಗೆ ಹೋಗಿ ಸಹಜವಾಗಿ ತಾಗಿದರೆ, ಯಾರಿಗೂ ತೊಂದರೆಯಾಗದಿದ್ದರೆ, ಆಟ ಮುಂದುವರಿಯುತ್ತದೆ. ಸಣ್ಣ ತಾಗುವಿಕೆಯೇ ಆದರೂ ಎಸೆಯುವ ಕೈಯ ದಿಕ್ಕು ತಪ್ಪಿಸಿದರೆ ಅದು ಫೌಲ್. ಬಿದ್ದವನಿಗೇ ಅನ್ಯಾಯವಾಗಿದೆ ಎಂದೇನಿಲ್ಲ. ಬಿದ್ದಂತೆ ನಟಿಸಿದವನಿಗೂ ಎಚ್ಚರಿಕೆ, ಮತ್ತೆ ಮಾಡಿದರೆ ಶಿಕ್ಷೆ ಇದೆ.

ಕೊನೆಯ ದಿನಗಳು

ನೈಸ್ಮಿತ್ 1898ರಲ್ಲಿ ವೈದ್ಯ ಪದವಿ ಪಡೆದು ಕಾನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರ ತಂಡ ಗೆದ್ದದ್ದು 55, ಸೋತದ್ದು 60. ಆಟ ಹುಟ್ಟಿಸಿದವರೇ ಗೆದ್ದದ್ದಕ್ಕಿಂತ ಹೆಚ್ಚು ಸೋತರು. ಆಟ ಮಾತ್ರ ಜಗತ್ತು ಸುತ್ತಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಆರಂಭಿಸಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬಾಸ್ಕೆಟ್‌ಬಾಲ್ ಸೇರಿದಾಗ ತರಬೇತುದಾರರು ಚಿಲ್ಲರೆ ಹಣ ಕೂಡಿಸಿ ನೈಸ್ಮಿತ್ ಅವರನ್ನು ಅಲ್ಲಿಗೆ ಕಳುಹಿಸಿದರು. ಮಳೆಯಲ್ಲಿ ನಡೆದ ಫೈನಲ್‌ನಲ್ಲಿ ಅಮೆರಿಕ 19–8ರಿಂದ ಕೆನಡಾವನ್ನು ಸೋಲಿಸಿತು. ಪದಕ ಕೊಟ್ಟವರು ಕೆನಡಾದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದ ಅದೇ ಮೇಷ್ಟ್ರು. 1939ರ ನವೆಂಬರ್ 28ರಂದು ಅವರು ತೀರಿಕೊಂಡರು.

ಫಾರ್ವರ್ಡ್ ಮಾಡುವ ಮುನ್ನ

ಒಂದು ಮಾತು ನೆನಪಿರಲಿ. ಒಂದೇ ಘಟನೆಯನ್ನು ಸ್ಲೋ ಮೋಷನ್‌ನಲ್ಲಿ ನೋಡಿದವರಿಗೆ ಅದು ಬೇಕಂತಲೇ ಮಾಡಿದಂತೆ ಹೆಚ್ಚಾಗಿ ಕಾಣುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ವಿಡಿಯೊ ಮೊದಲು ಮಾಮೂಲಿ ವೇಗದಲ್ಲಿ ನೋಡಿ. ತಾಗಿದ ಕ್ಷಣವಲ್ಲ, ಅದಕ್ಕೂ ಮುಂಚೆ ಯಾರ ಕಾಲು ಎಲ್ಲಿತ್ತು ಎಂದು ನೋಡಿ. ಆ ಭಾಗವೇ ಕತ್ತರಿಸಿ ಹೋಗಿದ್ದರೆ ತೀರ್ಪು ಕೊಡಲು ನಮಗಾಗಲಿ ನಿಮಗಾಗಲಿ ಆಧಾರವಿಲ್ಲ.

ನಮ್ಮ ತೀರ್ಮಾನ: ಮೈ ತಾಗಿದರೆಲ್ಲ ಫೌಲ್ ಎಂಬುದು ತಪ್ಪು. ತಾಗಿ ಅನ್ಯಾಯದ ಲಾಭ ಪಡೆದರೆ ಫೌಲ್. ರೆಫರಿಯೂ ತಪ್ಪಬಹುದು, ಆದರೆ ತಪ್ಪಿದ ಸೀಟಿಯೆಲ್ಲ ಮೋಸವಲ್ಲ.