ಆಲ್ವರ್ ಆಲ್ಟೊ: ಮಲಗಿದ ರೋಗಿಯ ಕಣ್ಣಿನಿಂದ ಆಸ್ಪತ್ರೆ ಕಟ್ಟಿದ ವಾಸ್ತುಶಿಲ್ಪಿ

ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಅಲ್ಲಿ ಹೆಚ್ಚು ಹೊತ್ತು ಕಣ್ಣಿಗೆ ಬೀಳುವುದು ಗೋಡೆಯಲ್ಲ, ಮೇಲಿನ ಸೂರು. ನೆತ್ತಿಯ ಮೇಲೆ ಉರಿಯುವ ದೀಪ, ಪಕ್ಕದಲ್ಲಿ ನಲ್ಲಿಯ ಸದ್ದು, ಹೊರಗಿನ ಮರವೊಂದನ್ನೂ ತೋರಿಸದ ಕಿಟಕಿ. ಕಟ್ಟಡ ಕಟ್ಟುವವರು ನಿಂತು ಯೋಚಿಸುತ್ತಾರೆ, ಅದರಲ್ಲಿ ಇರಬೇಕಾದವರು ಮಲಗಿರುತ್ತಾರೆ. ಸುಮಾರು 95 ವರ್ಷಗಳ ಹಿಂದೆ ಈ ಅಂತರವನ್ನು ಗಂಭೀರವಾಗಿ ತೆಗೆದುಕೊಂಡವರು ಫಿನ್ಲೆಂಡ್‌ನ ವಾಸ್ತುಶಿಲ್ಪಿ ಆಲ್ವರ್ ಆಲ್ಟೊ.

ಇಂದು ಆಲ್ಟೊ ಹೆಸರು ಕೇಳಿದರೆ ಹಲವರಿಗೆ ನೆನಪಾಗುವುದು ಅಲೆಯಂತೆ ಬಳುಕುವ ಗಾಜಿನ ಹೂದಾನಿ ಮತ್ತು ಮೂರು ಕಾಲಿನ ಮರದ ಸ್ಟೂಲ್. ಆದರೆ ಅವರ ನಿಜವಾದ ಕೊಡುಗೆ ಇರುವುದು ಸಾರ್ವಜನಿಕ ಕಟ್ಟಡಗಳಲ್ಲಿ. ಆಸ್ಪತ್ರೆ, ಗ್ರಂಥಾಲಯ, ಹಾಸ್ಟೆಲ್, ಪುರಸಭೆ ಕಚೇರಿ. ಬೆಳಕು, ಗಾಳಿ, ಮರದ ನೆರಳು ಬಂಗಲೆ ಕಟ್ಟಿಸಿಕೊಳ್ಳುವ ಶಕ್ತಿ ಇದ್ದವರಿಗೆ ಮಾತ್ರ ಸಿಗಬೇಕಾದ ಸೌಕರ್ಯಗಳಲ್ಲ ಎಂಬುದನ್ನು ಅವರು ಈ ಕಟ್ಟಡಗಳ ಮೂಲಕವೇ ತೋರಿಸಿಕೊಟ್ಟರು.

ಬಿಳಿ ಮೇಜಿನ ಕೆಳಗಿನ ಬಾಲ್ಯ

ಹ್ಯೂಗೊ ಆಲ್ವರ್ ಹೆನ್ರಿಕ್ ಆಲ್ಟೊ ಹುಟ್ಟಿದ್ದು 1898ರ ಫೆಬ್ರವರಿ 3ರಂದು, ಪಶ್ಚಿಮ ಫಿನ್ಲೆಂಡ್‌ನ ಕ್ವೊರ್ತಾನೆ ಎಂಬ ಹಳ್ಳಿಯಲ್ಲಿ. ಆಗ ಫಿನ್ಲೆಂಡ್ ರಷ್ಯಾ ಸಾಮ್ರಾಜ್ಯದ ಭಾಗ. ತಂದೆ ಭೂಮಾಪನ ಇಲಾಖೆಯ ಸರ್ವೇಯರ್. ಮನೆಯಲ್ಲಿ ನಕ್ಷೆ ಬರೆಯಲು ದೊಡ್ಡದೊಂದು ಬಿಳಿ ಮೇಜಿತ್ತು. ಅದರ ಕೆಳಗೆ ಆಡುತ್ತಾ ಬೆಳೆದ ಹುಡುಗ ಮುಂದೆ ಅದೇ ಮೇಜಿನ ಬಗ್ಗೆ ಬರೆದದ್ದೂ ಉಂಟು. ಕಾಡು, ಕೆರೆ, ಗುಡ್ಡಗಳು ಕಾಗದದ ಮೇಲೆ ಗೆರೆಗಳಾಗುವುದನ್ನು ಆತ ಅಕ್ಷರ ಕಲಿಯುವ ವಯಸ್ಸಿನಲ್ಲೇ ನೋಡಿದ್ದ.

ಕುಟುಂಬ ನಂತರ ಯುವಾಸ್ಕುಲಾ ಪಟ್ಟಣಕ್ಕೆ ಬಂತು. ಎಂಟು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಚಿಕ್ಕಮ್ಮನೇ ಮಲತಾಯಿಯಾಗಿ ಬಂದು ಮಕ್ಕಳನ್ನು ಸಾಕಿದರು. 1916ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ಶಿಕ್ಷಣ ಸಂಸ್ಥೆ ಸೇರಿದ ಆಲ್ಟೊ ಓದು ಮುಗಿಸಿದ್ದು 1921ರಲ್ಲಿ. ಈ ನಡುವೆ ದೇಶಕ್ಕೆ ಸ್ವಾತಂತ್ರ್ಯ ಬಂತು, ಬೆನ್ನಲ್ಲೇ 1918ರ ಅಂತರ್ಯುದ್ಧವೂ ನಡೆಯಿತು.

1923ರಲ್ಲಿ ಯುವಾಸ್ಕುಲಾದಲ್ಲಿ ಸ್ವಂತ ಕಚೇರಿ ತೆರೆದರು. ಮರುವರ್ಷ ಐನೊ ಮಾರ್ಸಿಯೊ ಅವರನ್ನು ಮದುವೆಯಾದರು. ಐನೊ ಕೂಡ ವಾಸ್ತುಶಿಲ್ಪಿ, ಆಲ್ವರ್‌ಗಿಂತ ನಾಲ್ಕು ವರ್ಷ ದೊಡ್ಡವರು, ಪದವಿಯನ್ನೂ ಅವರಿಗಿಂತ ಮೊದಲೇ ಪಡೆದವರು. ಮುಂದಿನ 25 ವರ್ಷ ಇಬ್ಬರೂ ಒಂದೇ ಕಚೇರಿಯಲ್ಲಿ ದುಡಿದರು. ಹೊರಜಗತ್ತು ಆಲ್ವರ್ ಹೆಸರನ್ನೇ ಹೆಚ್ಚು ಹೇಳಿತಾದರೂ ಆ ಕಾಲದ ಕೆಲಸವನ್ನು ಇಬ್ಬರದು ಎನ್ನುವುದೇ ಸರಿ.

ಕಟ್ಟಡವೇ ಔಷಧಿಯಾದಾಗ

1920ರ ದಶಕದ ಫಿನ್ಲೆಂಡ್‌ನಲ್ಲಿ ಕ್ಷಯ ದೊಡ್ಡ ಪಿಡುಗು. ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧ ಸ್ಟ್ರೆಪ್ಟೊಮೈಸಿನ್ ಪತ್ತೆಯಾಗಿದ್ದು 1943ರಲ್ಲಿ. ಅದಕ್ಕೂ ಮೊದಲು ವೈದ್ಯರ ಕೈಯಲ್ಲಿದ್ದ ಚಿಕಿತ್ಸೆ ಮೂರೇ: ಶುದ್ಧ ಗಾಳಿ, ಬಿಸಿಲು, ವಿಶ್ರಾಂತಿ. ಅಂದರೆ ರೋಗಿಗೆ ಕೊಡಬಹುದಾಗಿದ್ದ ಮದ್ದೆಂದರೆ ಒಳ್ಳೆಯ ಜಾಗ ಮತ್ತು ಒಳ್ಳೆಯ ಕಟ್ಟಡ.

ತುರ್ಕು ನಗರದ ಸಮೀಪದ ಪೈಮಿಯೊದಲ್ಲಿ ಸ್ಯಾನಟೋರಿಯಂ ಕಟ್ಟಲು ಆ ಭಾಗದ ಸ್ಥಳೀಯ ಸಂಸ್ಥೆಗಳು ಒಟ್ಟುಗೂಡಿ ಸ್ಪರ್ಧೆ ಏರ್ಪಡಿಸಿದವು. 1929ರಲ್ಲಿ ಅದನ್ನು ಗೆದ್ದವರು ಆಲ್ಟೊ. ಆಗ ವಯಸ್ಸು 31ರ ಆಸುಪಾಸು. ಸುತ್ತ ಪೈನ್ ಮರಗಳ ಕಾಡು, ನಡುವೆ ಬಿಳಿಯ ಕಟ್ಟಡ. 1933ರಲ್ಲಿ ಬಾಗಿಲು ತೆರೆದ ಈ ಆಸ್ಪತ್ರೆಯನ್ನು ಇಂದಿಗೂ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಪಾಠವಾಗಿ ಓದುತ್ತಾರೆ.

ವಿನ್ಯಾಸ ಮಾಡುವ ಹೊತ್ತಿಗೆ ತಾವೇ ಕಾಯಿಲೆ ಬಿದ್ದು ಮಲಗಿದ್ದಾಗ ಸಾಧಾರಣ ಕೋಣೆಯೊಂದು ಮಲಗಿದವನಿಗೆ ಎಷ್ಟು ಹಿಂಸೆ ಕೊಡುತ್ತದೆ ಎಂದು ತಿಳಿಯಿತು ಎಂದು ಆಲ್ಟೊ ಮುಂದೆ ಹೇಳಿಕೊಂಡಿದ್ದರು. ಪೈಮಿಯೊದ ಕೋಣೆಗಳಲ್ಲಿ ಅದಕ್ಕೆ ಉತ್ತರವಿದೆ. ಸೂರಿಗೆ ಕಣ್ಣು ಕುಕ್ಕದ ಮಂದ ಬಣ್ಣ. ದೀಪ ಮಲಗಿದವರ ನೋಟಕ್ಕೆ ನೇರವಾಗಿ ಬೀಳದ ಜಾಗದಲ್ಲಿ. ಬಿಸಿ ಗಾಳಿ ಮುಖಕ್ಕೆ ರಾಚದಂತೆ, ಸೂರಿನಿಂದಲೇ ಶಾಖ ಇಳಿಯುವ ವ್ಯವಸ್ಥೆ.

ಒಂದು ಕೋಣೆಗೆ ಇಬ್ಬರೇ ರೋಗಿಗಳು, ಇಬ್ಬರಿಗೂ ಪ್ರತ್ಯೇಕ ವಾಶ್‌ಬೇಸಿನ್. ಒಬ್ಬರು ಕೈ ತೊಳೆದರೆ ಇನ್ನೊಬ್ಬರ ನಿದ್ದೆ ಕೆಡಬಾರದೆಂದು ನೀರು ಓರೆಯಾದ ಮೇಲ್ಮೈಗೆ ಬಿದ್ದು ಸದ್ದಿಲ್ಲದೆ ಜಾರುವಂತೆ ಅದನ್ನು ರೂಪಿಸಲಾಯಿತು. ವೈದ್ಯರ ಕೋಟಿನ ತೋಳು ಸಿಕ್ಕಿಕೊಳ್ಳದಂತೆ ಬಾಗಿಲ ಹಿಡಿಗಳಿಗೂ ಬೇರೆಯದೇ ಆಕಾರ ಬಂತು.

ರೋಗಿಗಳ ಕೋಣೆಗಳು ಬೆಳಗಿನ ಬಿಸಿಲಿಗೆ, ಕಾಡಿಗೆ ಮುಖ ಮಾಡಿದ್ದವು. ಕಟ್ಟಡದ ತುದಿಯಲ್ಲಿ ಪ್ರತಿ ಮಹಡಿಗೂ ಉದ್ದನೆಯ ಬಾಲ್ಕನಿ. ಮೇಲೆ ತೆರೆದ ತಾರಸಿ. ಕಂಬಳಿ ಹೊದ್ದ ರೋಗಿಗಳು ಪೈನ್ ಮರಗಳ ತುದಿ ನೋಡುತ್ತಾ ಅಲ್ಲಿ ಗಂಟೆಗಟ್ಟಲೆ ಮಲಗುತ್ತಿದ್ದರು. ಬರ್ಚ್ ಮರದ ಪ್ಲೈವುಡ್ ಬಗ್ಗಿಸಿ ತಯಾರಿಸಿದ ಪೈಮಿಯೊ ಕುರ್ಚಿಯೂ ಇಲ್ಲಿನದೇ. ಬೆನ್ನು ಒರಗುವ ಕೋನ ರೋಗಿಯ ಉಸಿರಾಟಕ್ಕೆ ಹಿತವಾಗುವಂತೆ ಇತ್ತು. ಉಕ್ಕಿನ ಕೊಳವೆಯ ಕುರ್ಚಿಗಳು ಫ್ಯಾಷನ್ ಆಗಿದ್ದ ಕಾಲದಲ್ಲಿ ಆಲ್ಟೊ ದಂಪತಿ ಮರವನ್ನೇ ಹಿಡಿದರು. ಫಿನ್ಲೆಂಡ್‌ನ ಚಳಿಯಲ್ಲಿ ಲೋಹ ಮುಟ್ಟಿದರೆ ಮೈ ನಡುಗುತ್ತದೆ, ಮರ ಹಾಗಲ್ಲ.

ಔಷಧಿ ಬಂದ ಮೇಲೆ ಸ್ಯಾನಟೋರಿಯಂಗಳ ಕಾಲ ಮುಗಿಯಿತು. ಪೈಮಿಯೊ ಕೂಡ ಮುಂದೆ ಸಾಮಾನ್ಯ ಆಸ್ಪತ್ರೆಯಾಯಿತು. ಆದರೆ ರೋಗಿಯನ್ನು ಕೇಂದ್ರದಲ್ಲಿಟ್ಟು ಆಸ್ಪತ್ರೆ ಕಟ್ಟುವ ಮಾತು ಬಂದಾಗೆಲ್ಲ ಅದರ ಹೆಸರು ಬರುತ್ತದೆ.

ನೆರಳು ಬೀಳದ ಪುಸ್ತಕ

ಪೈಮಿಯೊಗಿಂತ ಮೊದಲೇ, 1927ರಲ್ಲಿ, ಆಲ್ಟೊ ಇನ್ನೊಂದು ಸ್ಪರ್ಧೆ ಗೆದ್ದಿದ್ದರು. ಅದು ಪೂರ್ವದ ವೀಪುರಿ ನಗರದ ಸಾರ್ವಜನಿಕ ಗ್ರಂಥಾಲಯ. ಆರ್ಥಿಕ ಕುಸಿತ, ಜಾಗದ ಬದಲಾವಣೆ ಎಂದು ಕೆಲಸ ವರ್ಷಗಟ್ಟಲೆ ತಡವಾಯಿತು. ಆ ವಿಳಂಬದಲ್ಲಿ ವಿನ್ಯಾಸವೇ ಪೂರ್ತಿ ಬದಲಾಯಿತು. ಸಾಂಪ್ರದಾಯಿಕ ಶೈಲಿಯ ಕಟ್ಟಡವಾಗಬೇಕಿದ್ದದ್ದು 1935ರಲ್ಲಿ ಉದ್ಯಾನದ ನಡುವೆ ಆಧುನಿಕ ಗ್ರಂಥಾಲಯವಾಗಿ ಎದ್ದು ನಿಂತಿತು.

ಚಳಿಗಾಲದಲ್ಲಿ ಬೆಳಕೇ ಅಪರೂಪವಾದ, ಬೇಸಿಗೆಯಲ್ಲಿ ಸೂರ್ಯ ಮುಳುಗಲು ತಡಮಾಡುವ ನಾಡು ಅದು. ಓದುಗರಿಗೆ ಬೆಳಕು ಬೇಕು, ಆದರೆ ಬಿಸಿಲು ನೇರವಾಗಿ ಪುಟದ ಮೇಲೆ ಬೀಳಬಾರದು. ಆಲ್ಟೊ ಓದುವ ಕೋಣೆಯ ಚಾವಣಿಯಲ್ಲಿ 57 ದುಂಡನೆಯ ಬೆಳಕಿಂಡಿಗಳನ್ನು ಕೊಟ್ಟರು. ಬಾವಿಯಂತೆ ಆಳವಾದ ಈ ಕಿಂಡಿಗಳ ಗೋಡೆಗೆ ಬಡಿದ ಬಿಸಿಲು ಚದುರಿ ಕೆಳಗಿಳಿಯುತ್ತದೆ. ಎಲ್ಲ ದಿಕ್ಕಿನಿಂದಲೂ ಮೃದುವಾಗಿ ಬೆಳಕು ಬರುವುದರಿಂದ ಎಲ್ಲಿ ಕೂತರೂ ಓದುವವರ ತಲೆಯ ನೆರಳು ಪುಸ್ತಕದ ಮೇಲೆ ಗಾಢವಾಗಿ ಬೀಳುವುದಿಲ್ಲ.

ಅಲ್ಲಿನ ಉಪನ್ಯಾಸ ಸಭಾಂಗಣದ ಸೂರು ಮರದ ಪಟ್ಟಿಗಳಿಂದ ಅಲೆಅಲೆಯಾಗಿ ಹರಿಯುತ್ತದೆ. ಮಾತು ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳಬೇಕು ಎಂಬುದು ಅದರ ಉದ್ದೇಶ. ವೇದಿಕೆಯ ಮೇಲಿನವರಷ್ಟೇ ಅಲ್ಲ, ಸಭಿಕರ ನಡುವೆ ಎದ್ದು ನಿಂತು ಪ್ರಶ್ನೆ ಕೇಳುವವರ ದನಿಯೂ ಎಲ್ಲರಿಗೂ ತಲುಪಬೇಕಿತ್ತು.

ಆ ಸಂತಸ ಹೆಚ್ಚು ದಿನ ಉಳಿಯಲಿಲ್ಲ. 1939ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಯುದ್ಧ ಶುರುವಾಯಿತು. ಕೊನೆಗೆ ವೀಪುರಿ ಸೋವಿಯತ್ ಪಾಲಾಯಿತು. ಬಿಟ್ಟುಕೊಟ್ಟ ಪ್ರದೇಶಗಳಿಂದ 4 ಲಕ್ಷಕ್ಕೂ ಹೆಚ್ಚು ಜನ ಮನೆಮಠ ತೊರೆದು ಫಿನ್ಲೆಂಡ್‌ನ ಒಳಭಾಗಕ್ಕೆ ಬಂದರು. ಗಡಿಯಾಚೆ ಉಳಿದ ಗ್ರಂಥಾಲಯ ನಾಶವಾಗಿದೆ ಎಂದೇ ಹೊರಗಿನ ಹಲವರು ನಂಬಿದ್ದರು. ಕಟ್ಟಡ ನಿಂತಿತ್ತು, ಆದರೆ ಸುಮಾರು ಒಂದು ದಶಕ ಪಾಳುಬಿದ್ದಿತ್ತು. ನಂತರ ಸೋವಿಯತ್ ಆಡಳಿತ ಅದನ್ನು ದುರಸ್ತಿ ಮಾಡಿ ಮತ್ತೆ ತೆರೆಯಿತು. ಮೂಲ ರೂಪಕ್ಕೆ ತರುವ ಕೆಲಸ ಶುರುವಾಗಿದ್ದು 1990ರ ದಶಕದಲ್ಲಿ. ಒಂದು ಕಾಲದ ಶತ್ರು ದೇಶಗಳ ತಜ್ಞರು ಒಟ್ಟಾಗಿ ದುಡಿದು 2013ರಲ್ಲಿ ಅದನ್ನು ಮುಗಿಸಿದರು. ರಷ್ಯಾದ ಭಾಗವಾಗಿರುವ ಆ ನಗರದ ಈಗಿನ ಹೆಸರು ವೈಬೋರ್ಗ್. ಗ್ರಂಥಾಲಯಕ್ಕೆ ಆಲ್ಟೊ ಅವರದೇ ಹೆಸರಿದೆ.

ನದಿ ಕಾಣುವ ಹಾಸ್ಟೆಲ್, ಐನೊ ಇಲ್ಲದ ಮನೆ

1935ರಲ್ಲಿ ಆಲ್ಟೊ ದಂಪತಿ ಗೆಳೆಯರೊಂದಿಗೆ ಸೇರಿ ಆರ್ಟೆಕ್ ಎಂಬ ಪೀಠೋಪಕರಣ ಕಂಪನಿ ಕಟ್ಟಿದರು. ಅದರ ವಿನ್ಯಾಸದ ಹೊಣೆಯಲ್ಲಿ ಐನೊ ಪಾತ್ರ ದೊಡ್ಡದು. ಯುದ್ಧದ ನಂತರ ಆಲ್ವರ್ ಅಮೆರಿಕದ ಎಂಐಟಿಯಲ್ಲಿ ಅತಿಥಿ ಪ್ರಾಧ್ಯಾಪಕರಾದರು. ಅಲ್ಲಿ ಚಾರ್ಲ್ಸ್ ನದಿಯ ದಂಡೆಯಲ್ಲಿ ವಿದ್ಯಾರ್ಥಿಗಳಿಗೆ ಕಟ್ಟಿದ ಬೇಕರ್ ಹೌಸ್ ಹಾಸ್ಟೆಲ್ ಹಾವಿನಂತೆ ಬಳುಕುತ್ತದೆ.

ಈ ಬಳುಕು ಅಲಂಕಾರಕ್ಕಲ್ಲ. ನೇರ ಗೋಡೆ ಕಟ್ಟಿದ್ದರೆ ಎಲ್ಲ ಕಿಟಕಿಗಳೂ ಎದುರಿನ ರಸ್ತೆಯ ವಾಹನಗಳನ್ನೇ ದಿಟ್ಟಿಸಬೇಕಿತ್ತು. ಗೋಡೆ ಬಾಗಿದ್ದರಿಂದ ಬಹುತೇಕ ಕೋಣೆಗಳಿಗೆ ನದಿಯ ಉದ್ದಕ್ಕೂ ಓರೆಯಾಗಿ ನೋಟ ಹರಿಯುತ್ತದೆ. ಸುಟ್ಟು ಕಪ್ಪಾದ, ಸೊಟ್ಟಗಾದ ಇಟ್ಟಿಗೆಗಳನ್ನೂ ಎಸೆಯದೆ ಗೋಡೆಗೆ ಬಳಸಲಾಯಿತು.

ಹಾಸ್ಟೆಲ್ ಮುಗಿಯುವ ವರ್ಷವೇ, 1949ರ ಜನವರಿಯಲ್ಲಿ, ಐನೊ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 54. ಮನೆ, ಕಚೇರಿ, ಕಂಪನಿ ಮೂರರಲ್ಲೂ ಜೊತೆಗಿದ್ದವರನ್ನು ಆಲ್ವರ್ ಒಮ್ಮೆಲೇ ಕಳೆದುಕೊಂಡರು.

ಹುಲ್ಲಿನ ಮೆಟ್ಟಿಲೇರಿ ಪುರಸಭೆಗೆ

ಅದೇ ವರ್ಷ ಆಲ್ಟೊ ಗೆದ್ದ ಸ್ಪರ್ಧೆ ಗಾತ್ರದಲ್ಲಿ ಚಿಕ್ಕದು. ಪೈಯಾನೆ ಸರೋವರದ ಸೈನಾತ್ಸಾಲೊ ದ್ವೀಪದಲ್ಲಿ ಸುಮಾರು 3,000 ಜನ ವಾಸವಿದ್ದರು. ಹೆಚ್ಚಿನವರ ಬದುಕು ಅಲ್ಲಿನ ಮರದ ಕಾರ್ಖಾನೆಯನ್ನು ನೆಚ್ಚಿಕೊಂಡಿತ್ತು. ಅವರಿಗೊಂದು ಪುರಸಭೆ ಕಟ್ಟಡ ಬೇಕಿತ್ತು.

ಅಡಿಪಾಯ ತೋಡಿದ ಮಣ್ಣನ್ನು ಹೊರಗೆ ಸಾಗಿಸದೆ ನಡುವೆ ಒಟ್ಟಿ, ಒಂದು ಮಹಡಿಯ ಎತ್ತರಕ್ಕೆ ಅಂಗಳ ಮಾಡಲಾಯಿತು. ಅದರ ಸುತ್ತ ಕೆಂಪು ಇಟ್ಟಿಗೆಯ ಕಚೇರಿಗಳು ಮತ್ತು ಗ್ರಂಥಾಲಯ. ಕೆಳಗೆ ರಸ್ತೆಯ ಮಟ್ಟದಲ್ಲಿ ಅಂಗಡಿಗಳು. ನಮ್ಮ ಕಡೆಯ ತೊಟ್ಟಿಮನೆ ನೋಡಿದವರಿಗೆ ಈ ಅಂಗಳ ಅಪರಿಚಿತ ಎನಿಸದು. ಒಳಗಿನ ಓಡುದಾರಿಯ ಕಿಟಕಿಗಳೆಲ್ಲ ಅಂಗಳದತ್ತಲೇ ತೆರೆದಿವೆ. ಒಂದು ಕಡೆ ಕಲ್ಲಿನ ಮೆಟ್ಟಿಲು, ಇನ್ನೊಂದು ಕಡೆ ಹಲಗೆ ಕೊಟ್ಟು ಮಣ್ಣು ತುಂಬಿ ಹುಲ್ಲು ಬೆಳೆಸಿದ ಮೆಟ್ಟಿಲು. ತೆರಿಗೆ ಕಟ್ಟಲು ಬಂದವರೂ ಹುಲ್ಲು ತುಳಿದುಕೊಂಡೇ ಸರ್ಕಾರಿ ಕಚೇರಿ ಸೇರಬಹುದಿತ್ತು.

ಸಭೆ ನಡೆಯುವ ಕೋಣೆಯ ಎತ್ತರ 17 ಮೀಟರ್. ಇಷ್ಟು ಚಿಕ್ಕ ಊರಿಗೆ ಇಷ್ಟು ಎತ್ತರ, ಇಷ್ಟು ಖರ್ಚು ಏಕೆ ಎಂದು ಸದಸ್ಯರು ಕೇಳಿದಾಗ, ಇಟಲಿಯ ಸಿಯೆನಾ ನಗರದ ಪುರಭವನ ಹದಿನಾರು ಮೀಟರ್ ಇದೆ, ನಮ್ಮದು ಅದಕ್ಕಿಂತ ತುಸು ಎತ್ತರವಿರಲಿ ಎಂದು ಆಲ್ಟೊ ಉತ್ತರಿಸಿದರು ಎಂಬ ಕತೆ ಪ್ರಚಲಿತದಲ್ಲಿದೆ. ಕತೆಯಲ್ಲಿ ತಮಾಷೆ ಇದೆ, ಆದರೆ ಹಿಂದಿನ ವಿಚಾರ ಗಂಭೀರ. ಕಾರ್ಖಾನೆ ಕಾರ್ಮಿಕರ ಊರಿನ ಸಭೆಗೂ ದೊಡ್ಡ ನಗರದ ಸಭೆಯಷ್ಟೇ ಘನತೆ ಇರಬೇಕು.

ಕಟ್ಟಡ 1952ರಲ್ಲಿ ಪೂರ್ಣಗೊಂಡಿತು. ಸ್ಥಳದಲ್ಲಿದ್ದು ಕೆಲಸ ನೋಡಿಕೊಂಡ ಯುವ ವಾಸ್ತುಶಿಲ್ಪಿ ಎಲಿಸ್ಸಾ ಅವರನ್ನು ಆಲ್ಟೊ ಅದೇ ವರ್ಷ ಮದುವೆಯಾದರು. ಇಬ್ಬರೂ ಹತ್ತಿರದ ಮೂರತ್ಸಾಲೊ ದ್ವೀಪದಲ್ಲಿ ಬೇಸಿಗೆ ಮನೆ ಕಟ್ಟಿಕೊಂಡು, ಅದರ ಅಂಗಳದ ಗೋಡೆಗಳಲ್ಲಿ ಬಗೆಬಗೆಯ ಇಟ್ಟಿಗೆ ಜೋಡಿಸಿ ಪ್ರಯೋಗ ನಡೆಸಿದರು.

1993ರಲ್ಲಿ ಸೈನಾತ್ಸಾಲೊ ಪುರಸಭೆ ಯುವಾಸ್ಕುಲಾದಲ್ಲಿ ವಿಲೀನವಾಯಿತು. ಸ್ವಂತ ಆಡಳಿತಕ್ಕೆಂದು ಊರು ಕಟ್ಟಿಕೊಂಡ ಮನೆ ಉಳಿಯಿತು, ಆಡಳಿತ ಹೋಯಿತು.

ಬಾಗಿದ ಅಮೃತಶಿಲೆ

ಆಲ್ಟೊ ಲೆಕ್ಕಾಚಾರ ಎಲ್ಲ ಕಡೆ ಫಲಿಸಲಿಲ್ಲ. 1971ರಲ್ಲಿ ಹೆಲ್ಸಿಂಕಿಯಲ್ಲಿ ಪೂರ್ಣಗೊಂಡ ಫಿನ್ಲಾಂಡಿಯಾ ಹಾಲ್‌ಗೆ ಅವರು ಇಟಲಿಯ ಕರಾರಾದ ಬಿಳಿ ಅಮೃತಶಿಲೆ ಹೊದಿಸಿದರು. ಯೌವನದಲ್ಲಿ ಕಂಡ ಇಟಲಿಯ ಮೇಲಿನ ಮೋಹ ಕೊನೆಯವರೆಗೂ ಅವರನ್ನು ಬಿಟ್ಟಿರಲಿಲ್ಲ. ಆದರೆ ಉತ್ತರದ ಹವೆಗೆ ಆ ತೆಳು ಹಲಗೆಗಳು ತಾಳಲಿಲ್ಲ. ಬಿಸಿ, ಚಳಿ, ತೇವಕ್ಕೆ ಸಿಕ್ಕಿ ವರ್ಷ ಕಳೆದಂತೆ ತಟ್ಟೆಯಂತೆ ಬಾಗಿದವು. 1990ರ ದಶಕದ ಕೊನೆಯಲ್ಲಿ ಅವನ್ನು ಬದಲಿಸಿದರು. ಹೊಸವೂ ಬಾಗಿದವು. ಪೈಮಿಯೊದಲ್ಲಿ ನಾಡಿನ ಹವೆಗೆ ಒಗ್ಗುವ ಮರವನ್ನು ಆರಿಸಿದವರೇ ಇಲ್ಲಿ ದೂರದ ಕಲ್ಲಿಗೆ ಮನಸೋತಿದ್ದರು. ಪ್ರಕೃತಿಯನ್ನು ಕಿಟಕಿಯಿಂದ ತೋರಿಸಿದರೆ ಸಾಲದು, ಅದರ ಪೆಟ್ಟನ್ನೂ ಲೆಕ್ಕ ಹಾಕಬೇಕು ಎಂಬ ಪಾಠವನ್ನು ಅವರ ಕಟ್ಟಡವೇ ಕಲಿಸಿತು.

1957ರಲ್ಲಿ ಬ್ರಿಟನ್‌ನ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ, 1963ರಲ್ಲಿ ಅಮೆರಿಕದ ಸಂಸ್ಥೆಯ ಚಿನ್ನದ ಪದಕ ಆಲ್ಟೊ ಅವರಿಗೆ ಸಂದವು. 1976ರ ಮೇ 11ರಂದು ಹೆಲ್ಸಿಂಕಿಯಲ್ಲಿ ಅವರು ನಿಧನರಾದರು. ಬಾಕಿ ಉಳಿದಿದ್ದ ಕೆಲಸಗಳನ್ನು ಎಲಿಸ್ಸಾ ಮುಂದುವರಿಸಿದರು. ಫಿನ್ಲೆಂಡ್‌ನ 50 ಮಾರ್ಕ್ಕಾ ನೋಟಿನ ಮೇಲೆ ಆಲ್ಟೊ ಚಿತ್ರ ಬಂತು. 2010ರಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಆರಂಭವಾಯಿತು.

ನಗರಗಳಲ್ಲಿ ಇಂದು ಪಾರ್ಕ್ ನೋಟವಿರುವ ಫ್ಲ್ಯಾಟ್‌ಗೆ ಬೇರೆ ದರ, ಆಸ್ಪತ್ರೆಯಲ್ಲಿ ಕಿಟಕಿ ಪಕ್ಕದ ಸ್ಪೆಷಲ್ ವಾರ್ಡ್‌ಗೆ ಬೇರೆ ದರ. ಪೈಮಿಯೊದಲ್ಲಿ ಆ ಕಿಟಕಿ ಸ್ಥಳೀಯ ಸಂಸ್ಥೆಗಳ ಹಣದಲ್ಲಿ ಕ್ಷಯರೋಗಿಗಳಿಗೆ ಸಿಕ್ಕಿತ್ತು. ಅದಕ್ಕೆ ಬೇಕಾಗಿದ್ದು ಅರಮನೆಯ ಖಜಾನೆಯಲ್ಲ. ಮಂಚ ಎಲ್ಲಿರುತ್ತದೆ, ಮಲಗಿದವರಿಗೆ ಏನು ಕಾಣುತ್ತದೆ ಎಂದು ಗೋಡೆ ಎಬ್ಬಿಸುವ ಮೊದಲೇ ಯಾರಾದರೂ ಕೇಳಬೇಕಿತ್ತು.